ಅಜ್ಜಿ ಮುಟ್ಟದ ನಲ್ಲಿ

ಇವತ್ತು ಬೆಳಿಗ್ಗೆ ನಲ್ಲಿ ನೀರು ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿತ್ತು. ಮರಿಮೊಮ್ಮಗಳು ಕುಡಿಯಲೊಲ್ಲೆ ಎಂದು ಲೋಟ ಪಕ್ಕಕ್ಕಿಟ್ಟಳು. ನನಗೋ ಮಹಾರಾಜರ ಕಾಲದ ತರೀಕೆರೆ ನೆನಪಾಯಿತು. ನಾನು ಹೇಳುತ್ತಿದ್ದೇನೆ, ಅವಳು ಫೋನಿನಲ್ಲಿ ಬರೆಯುತ್ತಿದ್ದಾಳೆ.

ನಮ್ಮ ಬೀದಿಗೆ ಆಗಷ್ಟೇ ನಲ್ಲಿ ಬಂದಿತ್ತು. ಅದರ ನೀರಿಗೂ ಇದೇ ವಾಸನೆ. ನನ್ನ ಅಜ್ಜಿ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ನಲ್ಲಿಯ ಒಳಗೆ ಚರ್ಮದ ಬಿಲ್ಲೆ ಇರುತ್ತದೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಲಿಂಗಪೂಜೆ ನಡೆಯುವ ಮನೆಯೊಳಗೆ ಆ ನೀರು ಬರಕೂಡದೆಂದು ಅವಳ ಹಟ. ಹಿತ್ತಲ ಬಾವಿಯ ನೀರನ್ನೇ ಬಿಳಿ ಬಟ್ಟೆಯಲ್ಲಿ ಸೋಸಿ, ದೇವರಿಗೂ ನಮಗೂ ಕೊಡುತ್ತಿದ್ದಳು.

ಆ ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರಿತು. ನನ್ನ ಪುಟ್ಟ ತಮ್ಮನಿಗೆ ವಾಂತಿಭೇದಿ ಶುರುವಾಯಿತು. ಬಾವಿ ನೀರು ಕೊಡಲೇಬೇಡಿ ಎಂದು ಡಾಕ್ಟರು ಹೇಳಿ ಹೋದರು. ತಮ್ಮ ಬಾಡಿದ ಸೊಪ್ಪಿನ ಹಾಗೆ ಮಲಗಿ ನೀರು ನೀರು ಅನ್ನುತ್ತಿದ್ದ. ಅವ್ವ ಕೊಡ ಹಿಡಿದು ಹೊಸ್ತಿಲಲ್ಲೇ ನಿಂತಳು.

"ಅತ್ತೆ, ನಲ್ಲಿ ನೀರು ತರ್ಲಾ?"

ಅಜ್ಜಿ ಪೂಜೆಗೆ ಕೂತಿದ್ದಳು. ಅಂಗೈಯ ಲಿಂಗವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಶಿವಂಗೆ ಬಾವಿ ನೀರೇ ಇರ್ಲಿ ಕಣೇ. ಅವ್ನು ವಿಷಾನೇ ಕುಡ್ದೋನು, ಏನೂ ಆಗಲ್ಲ. ಮಗೀಗೆ ನಲ್ಲಿ ನೀರು ತಗಂಬಾ. ಚೆನ್ನಾಗಿ ಕಾಯ್ಸು."

ತಮ್ಮ ಉಳಿದುಕೊಂಡ. ಆಮೇಲೆ ನಮ್ಮ ಮನೆಗೆ ಎರಡು ಕೊಡಗಳು ಬಂದವು, ಒಂದು ಶಿವನಿಗೆ, ಒಂದು ಮಕ್ಕಳಿಗೆ.

ಇಷ್ಟು ಬರೆದ ಮರಿಮೊಮ್ಮಗಳು ಮೂಗು ಹಿಡಿದುಕೊಂಡು ಲೋಟ ಖಾಲಿ ಮಾಡಿದಳು. ನಮ್ಮ ಮನೆಯಲ್ಲೀಗ ಶಿವನಿಗೂ ನಲ್ಲಿ ನೀರೇ.