ಕಳ್ಳಗಂಟೆ ಹಾಕಿಕೊಟ್ಟ ಮೇಸ್ತ್ರಿಗಳು

ಹಾರ್ನು ಸರಿಯಾಗಿ ಕೂಗುತ್ತದೋ ಇಲ್ಲವೋ ಎಂದು ನೋಡಬೇಕಾದರೆ ಅವರು ಅದನ್ನು ಗದ್ದಕ್ಕೆ ಒತ್ತಿ ಹಿಡಿಯುತ್ತಿದ್ದರು. ತಗಡು ನಡುಗಿದಂತೆ ಅವರ ಕೆನ್ನೆ, ಮೂಗು, ಮೂಗಿನ ಮೇಲಿನ ಕನ್ನಡಕ ಎಲ್ಲವೂ ನಡುಗುತ್ತಿದ್ದವು. ಕಣ್ಣು ಮುಚ್ಚಿಕೊಂಡೇ "ಇನ್ನೊಂದು ಸುತ್ತು ಬಿಗೀಬೇಕು" ಎನ್ನುತ್ತಿದ್ದರು. ಅರಸೀಕೆರೆಯ ರೈಲು ಎಂಜಿನ್ನಿನ ಷೆಡ್ಡಿನಲ್ಲಿ ಇಪ್ಪತ್ತು ವರ್ಷ ಸುತ್ತಿಗೆ ಬಡಿದು ಕಿವಿಯನ್ನು ಮುಕ್ಕಾಲು ಪಾಲು ಕಳೆದುಕೊಂಡು ಬಂದವರು ಅವರು. ಬೇಲೂರಿನ ಬಸ್ ಸ್ಟಾಂಡಿನ ಹಿಂದೆ ತಗಡಿನ ಷೆಡ್ಡು ಹಾಕಿಕೊಂಡು ಬಸ್ಸು ಲಾರಿಗಳ ಹಾರ್ನು, ಡೈನಮೊ, ಬ್ಯಾಟರಿ ರಿಪೇರಿ ಮಾಡುತ್ತಿದ್ದರು. ಊರಿಗೆಲ್ಲ ಅವರು ಮೇಸ್ತ್ರಿಗಳು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೇಲೂರಿನಲ್ಲಿ ಹೆರಿಗೆ ಡಾಕ್ಟರು. ಕರೆ ಬಂದ ಹಳ್ಳಿಗೆಲ್ಲ ಎತ್ತಿನ ಗಾಡಿಯಲ್ಲಿ ಕುಲುಕಾಡಿಕೊಂಡು ಹೋಗಿ, ಹೋಗುವಷ್ಟರಲ್ಲಿ ತಡವಾಗಿ, ಬರಿಗೈಯಲ್ಲಿ ವಾಪಸು ಬಂದ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕಾರಿಗೆ ಹೆಸರು ಬರೆಸಿ, ವರ್ಷಗಟ್ಟಲೆ ಕಾದು, ಕಡೆಗೂ ಕಾರು ತಂದೆ. ಓಡಿಸುವುದನ್ನೂ ಕಲಿತೆ. ಊರಿನ ಗಂಡಸರು ಜಗಲಿಯಿಂದ ಎದ್ದು ನಿಂತು ನೋಡುತ್ತಿದ್ದರು. ನೋಡಿಕೊಳ್ಳಲಿ ಎಂದು ನಾನು ಇನ್ನೊಂದು ಸುತ್ತು ಹೊಡೆಯುತ್ತಿದ್ದೆ.

ಕಾರು ಬಂದು ತಿಂಗಳಾಗಿರಲಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ತಂಗಿಯನ್ನು ರೈಲು ಹತ್ತಿಸಿ ಹೊರಗೆ ಬರುವಷ್ಟರಲ್ಲಿ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಮಾಯ! ಅಮ್ಮನಿಗೆ ಅಷ್ಟೇ ಸಾಕಾಯಿತು.

"ಇವತ್ತು ಚಕ್ರ, ನಾಳೆ ಕಾರು, ನಾಳಿದ್ದು ನೀನು. ಡ್ರೈವರ್ ಇಟ್ಕೋ, ಇಲ್ಲಾ ಮಾರಿಬಿಡು. ಒಬ್ಬಳೇ ಊರೂರು ತಿರುಗೋದು ಬೇಡ ಕಣೇ."

ಹೆರಿಗೆ ನೋವು ಡ್ರೈವರ್ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವವರೆಗೆ ಕಾಯುತ್ತದೆಯೇ? ಅಮ್ಮನ ಜೊತೆ ಎರಡು ದಿನ ಜಗಳವಾಡಿದೆ. ಕಡೆಗೆ ಒಂದು ರಾಜಿಯಾಯಿತು. ಕಾರು ಮುಟ್ಟಿದರೆ ಊರಿಗೆಲ್ಲ ಕೇಳುವಂತೆ ಕೂಗುವ ಅಲಾರಂ ಹಾಕಿಸಬೇಕು. ಅದರಲ್ಲಿ ಏನಾದರೂ ಎಡವಟ್ಟಾದರೆ ಡ್ರೈವರ್ ಬರುತ್ತಾನೆ, ಇಲ್ಲವೇ ಕಾರು ಹೋಗುತ್ತದೆ.

ಮೇಸ್ತ್ರಿಗಳು ಯಾವ ಗಾಡಿ ಬಂದರೂ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಗಾಡಿ ಎಲ್ಲಿ ನಿಲ್ತದೆ?" ಎಲ್ಲಿಗೆ ಓಡುತ್ತದೆ ಎಂದು ಅವರು ಕೇಳಿದವರೇ ಅಲ್ಲ. ನನ್ನನ್ನೂ ಕೇಳಿದರು. ಹಳ್ಳಿಯ ಬೀದಿಯಲ್ಲಿ, ಹೆರಿಗೆ ಮನೆ ಮುಂದೆ, ಎಷ್ಟು ಹೊತ್ತು ಅಂತ ಹೇಳಲಾಗದು ಎಂದೆ. ಅಮ್ಮನ ಷರತ್ತನ್ನೂ ಹೇಳಿದೆ. ಅವರು ತಲೆಯಾಡಿಸಿ ಹಲಗೆಯ ಮೇಲೆ ಎರಡು ಸಾಮಾನು ಇಟ್ಟರು. ಒಂದು, ಬಾಗಿಲು ತೆಗೆದರೆ ಹಾರ್ನು ಕೂಗುವಂಥದ್ದು. ಇನ್ನೊಂದು, ಸೀಟಿನ ಕೆಳಗೆ ಅಡಗಿಸಿಡುವ ಗುಟ್ಟಿನ ಸ್ವಿಚ್ಚು. ಅದನ್ನು ಒತ್ತದೆ ಎಂಜಿನ್ ಹೊತ್ತಿಕೊಳ್ಳದು. ಅಲಾರಂ ಎಂಬುದು ಅವರ ಬಾಯಲ್ಲಿ ಕಳ್ಳಗಂಟೆ.

ನನಗೆ ಅವೆರಡೂ ಸಪ್ಪೆ ಎನಿಸಿದವು. ಬೆಂಗಳೂರಿನಿಂದ ತರಿಸಿದ್ದ ಪೆಟ್ಟಿಗೆಯನ್ನು ಚೀಲದಿಂದ ಜಂಬವಾಗಿ ತೆಗೆದೆ. ಒಳಗೆ ಒಂದು ಗುಂಡು ತೂಗಾಡುತ್ತದೆ. ಕಾರು ಚೂರು ಅಲುಗಿದರೂ ಹಾರ್ನು ಶುರು. ಬೀಗದ ಕೈ ಹಾಕಿ ತಿರುಗಿಸುವ ತನಕ ನಿಲ್ಲದು.

ಮೇಸ್ತ್ರಿಗಳು ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರು. "ಸಾಮಾನು ಚೆನ್ನಾಗೈತೆ. ನಮ್ ಕಡೆಗೆ ಬೇಡ ಡಾಕ್ಟ್ರಮ್ಮಾ. ನಮ್ ಜನ ಹೊಸಾ ಗಾಡಿ ಕಂಡ್ರೆ ಮುಟ್ಟಿ ಕಣ್ಣಿಗೊತ್ಕಂತಾರೆ. ಕೈ ಮುಗಿಯೋರನ್ನೂ ಕಳ್ಳ ಅಂತ ಬಡ್ಕಂತದೆ ಇದು."

"ಕಿವಿ ಕೇಳದವರು ನೀವು, ಹಾರ್ನಿನ ವಿಷಯ ನನಗೆ ಹೇಳಬೇಡಿ," ಎಂದೆ. ಹೌದು, ಹಾಗೆಯೇ ಅಂದೆ. ಓದಿದವಳೆಂಬ ಕೊಬ್ಬು. ನನ್ನ ತುಟಿ ನೋಡಿಯೇ ಅವರಿಗೆ ಅರ್ಥವಾಗಿರಬೇಕು. ನನ್ನ ಪೆಟ್ಟಿಗೆಯನ್ನೇ ಎತ್ತಿಕೊಂಡು, ತೆಂಗಿನ ಕರಟದಿಂದ ನಾಲ್ಕು ಸ್ಕ್ರೂ ಆರಿಸಿಕೊಂಡು ಕಾರಿನ ಕೆಳಗೆ ನುಸುಳಿದರು.

ಎಂಟು ದಿನಕ್ಕೆ ಹಗರೆಯಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಹುಡುಗಿ ಸುಸ್ತಾಗಿ ಹೋಗಿದ್ದಳು. ನಾನು ಒಳಗೆ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ, ಹೊರಗೆ ಹಾರ್ನು ಹೊಡೆದುಕೊಳ್ಳತೊಡಗಿತು. ಒಬ್ಬ ಅಜ್ಜಿ ಕಾರು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊಮ್ಮಗನಿಗೂ ಪುಣ್ಯ ಬರಲಿ ಎಂದು ಅವನನ್ನು ಬಾನೆಟ್ಟಿನ ಮೇಲೆ ಕೂರಿಸಿದಳಂತೆ. ಬೀಗದ ಕೈ ನನ್ನ ಸೊಂಟದಲ್ಲಿ, ನನ್ನ ಎರಡು ಕೈಯೂ ಕೆಲಸದಲ್ಲಿ. ಬಿಟ್ಟು ಏಳುವ ಹಾಗಿಲ್ಲ. ಬಸ್ಸು ಬಿಸಿಯಾದಾಗ ನೀರು ಹಾಕುವುದನ್ನು ಕಂಡಿದ್ದ ಯಾರೋ ಒಬ್ಬರು ಇದಕ್ಕೂ ಬಾಯಾರಿದೆ ಎಂದು ಬಾನೆಟ್ಟಿನ ಮೇಲೆ ಎರಡು ಕೊಡ ನೀರು ಸುರಿದರಂತೆ! ಹಾರ್ನು ಕೂಗಿ ಕೂಗಿ ದನಿ ಉಡುಗಿ ತಾನಾಗಿ ಸುಮ್ಮನಾಯಿತು. ಅಷ್ಟರಲ್ಲಿ ಮಗು ಅತ್ತಿತು.

ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ತಡಮಾಡದೆ ಹಾಸನದ ಆಸ್ಪತ್ರೆಗೆ ಸೇರಿಸಲೇಬೇಕು. ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಎಂಜಿನ್ ಹೊತ್ತಿಸಲು ಸೆಲ್ಫು ಎಳೆದರೆ ಕಟಕ್ ಎಂದು ಸದ್ದು, ಅಷ್ಟೇ. ಹಾರ್ನು ಕೂಗಿದ್ದಕ್ಕೇ ಬ್ಯಾಟರಿ ಬಸಿದು ಹೋಗಿತ್ತು. ಕೈಯಾರೆ ಒಂದು ಜೀವ ತೆಗೆದೆನಲ್ಲಾ ಎಂದುಕೊಂಡೆ. "ತಳ್ರಪ್ಪಾ, ತಳ್ಳಿ!" ಎಂದು ಕಿರುಚಿದೆ. ಮುಟ್ಟಿ ಕಣ್ಣಿಗೊತ್ತಿಕೊಂಡ ಆ ಬೀದಿಯೇ ಭುಜ ಕೊಟ್ಟು ಇಳಿಜಾರಿನ ತನಕ ತಳ್ಳಿತು. ಮೂರನೆಯ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು. ಹುಡುಗಿ ಉಳಿದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ.

ಸುದ್ದಿ ಬಸ್ ಕಂಡಕ್ಟರನ ಬಾಯಿಂದ ನನಗಿಂತ ಮೊದಲೇ ಅಮ್ಮನನ್ನು ಮುಟ್ಟಿತ್ತು. ಬೆಳಿಗ್ಗೆ ಅಮ್ಮ ನನ್ನನ್ನು ಕರೆದುಕೊಂಡು ನೇರ ಷೆಡ್ಡಿಗೆ ನಡೆದಳು.

"ಏನ್ರೀ ಮೇಸ್ತ್ರೀ, ಈ ದರಿದ್ರದ ಪೆಟ್ಟಿಗೆ ಹಾಕಿದ್ದು ಯಾರು?"

"ನಾನೇ ಅಮ್ಮಾವ್ರೇ."

"ಇದೇ ಆಗ್ಬೇಕು ಅಂದವರು ಯಾರು?" ಅಮ್ಮನ ಕಣ್ಣು ನನ್ನ ಮೇಲಿತ್ತು.

ಕಾರು ಉಳಿಯುವುದೂ ಹೋಗುವುದೂ ಆ ಒಂದು ಉತ್ತರದಲ್ಲಿತ್ತು. ಮೇಸ್ತ್ರಿಗಳು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಾನೇ ಅಂದಿದ್ದು," ಎಂದರು. "ಡಾಕ್ಟ್ರಮ್ಮ ಬೇಡ ಬೇಡ ಅಂದ್ರು. ಹೊಸಾ ಸಾಮಾನು, ಹಾಕಿ ನೋಡಾನ ಅಂತ ನನಗೇ ಆಸೆ ಆಯ್ತು. ತಪ್ಪು ನಂದು."

"ತಲೆ ನರೆತವರು ನೀವು, ಬುದ್ಧಿ ಬೇಡ್ವೇನ್ರೀ?" ಅಮ್ಮ ಚೆನ್ನಾಗಿ ಬೈದಳು. ಬಸ್ ಸ್ಟಾಂಡಿನ ಜನ ಗುಂಪು ಕಟ್ಟಿ ಕೇಳಿದರು. ಅವರು ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಬಾಯಿ ಬಿಡಲಿಲ್ಲ. ಹೊರಡುವಾಗ ಅಮ್ಮ "ಸದ್ಯ, ನೀನಾದ್ರೂ ಬೇಡ ಅಂದಿದ್ದೆಯಲ್ಲ. ಇನ್ಮೇಲೆ ನಿನಗೆ ತೋಚಿದ್ದನ್ನೇ ಹಾಕಿಸ್ಕೋ" ಎಂದಳು. ಡ್ರೈವರ್ ಮಾತು ಅಲ್ಲಿಗೇ ಮುಗಿಯಿತು.

ಅಮ್ಮ ಹೋದ ಮೇಲೆ "ಯಾಕೆ ಹಾಗೆ ಹೇಳಿದ್ರಿ?" ಎಂದು ಕೇಳಿದೆ. ಎರಡು ಸಲ ಕೇಳಬೇಕಾಯಿತು.

"ನಂದು ತಪ್ಪು ಅಂದ್ರೆ ನನಗೇನಾಯ್ತದೆ? ನಾಳೆ ಇನ್ನೊಂದು ಹಾರ್ನು ಬತ್ತದೆ. ನಿಮ್ದು ಅಂದ್ರೆ ಕಾರು ಹೋಯ್ತದೆ. ಅದಿರ್ಲಿ, ಹಗರೆ ಹುಡುಗಿ ಗಂಜಿ ಕುಡಿದ್ಲಾ?"

ಗುಟ್ಟಿನ ಸ್ವಿಚ್ಚನ್ನೂ ಬಾಗಿಲಿನ ಹಾರ್ನನ್ನೂ ಅವತ್ತೇ ಹಾಕಿಕೊಟ್ಟರು. ಹಳೇಬೀಡು, ಅರೇಹಳ್ಳಿ ಎಂದು ಎಲ್ಲಿಂದ ಕರೆ ಬಂದರೂ ಮುಂದೆ ನಾನೊಬ್ಬಳೇ ಹೋದೆ, ಒಂದು ನಟ್ಟೂ ಕಳೆಯಲಿಲ್ಲ. ಜನ ಮುಟ್ಟಿ ಕಣ್ಣಿಗೊತ್ತಿಕೊಂಡರು, ಕಾರು ತೆಪ್ಪಗೆ ನಿಂತಿತ್ತು. ಬರುವಾಗ ಷೆಡ್ಡಿನ ಮುಂದೆ ನಿಲ್ಲಿಸಿದರೆ ಮೇಸ್ತ್ರಿಗಳು "ಗಂಡೋ ಹೆಣ್ಣೋ?" ಎಂದು ಕೈಸನ್ನೆಯಲ್ಲೇ ಕೇಳುತ್ತಿದ್ದರು. ಹೆಣ್ಣು ಎಂದರೆ ತಮಗೇ ಮೊಮ್ಮಗಳು ಹುಟ್ಟಿದಂತೆ ಹಿಗ್ಗಿ, ಪಕ್ಕದ ಹೋಟೆಲಿನಿಂದ ನನಗೊಂದು ಕಾಫಿ ತರಿಸುತ್ತಿದ್ದರು.

ನಿಜವನ್ನು ಅಮ್ಮನಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಇವತ್ತು ಬೇಡ, ನಾಳೆ ಎನ್ನುತ್ತಾ ಮುಂದೂಡಿದೆ. ಅಮ್ಮ ಅದೇ ನಂಬಿಕೆಯಲ್ಲಿ ತೀರಿಕೊಂಡಳು. ಮೂರು ವರ್ಷದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮೇಸ್ತ್ರಿಗಳೂ ಏಳಲಿಲ್ಲ.

ನಾನು ಅವರ ಮನೆಗೆ ಹೋದಾಗ ನೆಂಟರು, ಷೆಡ್ಡಿನವರು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಅಪ್ಪನ ಕೆಲಸವನ್ನೇ ಕಲಿತಿದ್ದ ಮಗ ಎದ್ದು ಬಂದು ನನಗೆ ಕೈಮುಗಿದ.

"ಅಪ್ಪ ನಮಗೆ ಕೆಲಸ ಕಲಿಸುವಾಗೆಲ್ಲ ಹೇಳೋರು ಡಾಕ್ಟ್ರಮ್ಮಾ. 'ಡಾಕ್ಟ್ರಮ್ಮ ಬೇಡ ಅಂದ್ರೂ ಕೇಳದೆ ನಾನು ಹಟ ಮಾಡಿ ಒಂದು ಜೀವ ಹೋಗ್ತಿತ್ತು ಕಣ್ರೋ, ಗಿರಾಕಿ ಮಾತು ಕೇಳಿ' ಅಂತ. ಅದೊಂದು ತಪ್ಪನ್ನ ಮನಸ್ಸಲ್ಲಿ ಇಟ್ಕಬೇಡಿ. ನಮ್ಮಪ್ಪನ್ನ ಕ್ಷಮಿಸಿಬಿಡಿ."

ಮನೆಯವರ ಮುಂದೆಯೂ, ಹೆತ್ತ ಮಗನ ಮುಂದೆಯೂ ಆ ಮನುಷ್ಯ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಅಲ್ಲೇ ಚಾಪೆಯ ಮೇಲೆ ಕೂತೆ.

"ಇಲ್ಲಪ್ಪ," ಎಂದೆ. "ಬೇಡ ಅಂದವರು ನಿಮ್ಮಪ್ಪ. ಹಟ ಮಾಡಿದವಳು ನಾನು."

ಮಗ ಒಳಗೆ ತಿರುಗಿ ಕೂಗಿದ: "ಅವ್ವಾ, ಬಾ ಇಲ್ಲಿ. ಅಪ್ಪನ ವಿಷಯ ಡಾಕ್ಟ್ರಮ್ಮ ಏನೋ ಹೇಳ್ತಾವ್ರೆ, ಕೇಳು ಬಾ."

ಅವರ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು ನನ್ನ ಎದುರಿಗೆ ಕೂತರು. ನಾನು ಅವರ ಕೈ ಹಿಡಿದುಕೊಂಡು ಮೊದಲಿನಿಂದ ಹೇಳಿದೆ.