ಅತ್ತೆಮ್ಮನ ಮೊಣಕಾಲು

ಬೆಳಕು ಹರಿಯುವ ಹೊತ್ತು. ಹೋಟೆಲಿನ ಲಾಬಿಯಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಲಿಫ್ಟಿನ ಪಕ್ಕ ನಿಂತಿರುವ ಮುಖವಿಲ್ಲದ ಮರದ ಮನುಷ್ಯನ ಕಂಕುಳಿಗೆ ಬ್ರಷ್ ತೂರಿಸಿ ಮಧ್ಯವಯಸ್ಸಿನ ಹೆಂಗಸೊಬ್ಬರು ಧೂಳು ತೆಗೆಯುತ್ತಿದ್ದಾರೆ. “ಕೈ ಎತ್ತು ಅಂದ್ರೆ ಎತ್ತಲ್ಲ, ಥೇಟ್ ನಮ್ಮ ಭಾವ!” ಎಂದು ಗೊಣಗುತ್ತಾರೆ. ಮೆಟ್ಟಿಲ ಮೇಲೆ ತೂಗುವ ನೂರಾರು ಗಾಜಿನ ಮೀನುಗಳು ಇವರಿಗೆ ‘ಮಕ್ಕಳು’. ಲಾಬಿಯ ನಟ್ಟನಡುವೆ ಕುಳಿತ ಕಂಚಿನ ದೊಡ್ಡ ಹೆಂಗಸು ‘ಅತ್ತೆಮ್ಮ’.

“ಬೆಳಗಿಂದ ರಾತ್ರಿವರೆಗೂ ಕೂತಲ್ಲೇ ಎಲ್ಲರನ್ನೂ ನೋಡ್ತಾರಲ್ಲ, ಇನ್ನೇನಂತ ಕರೀಲಿ?”

ಆದರೆ ಅತ್ತೆಮ್ಮನ ಹತ್ತಿರ ಅವರು ಸುಳಿಯುವುದಿಲ್ಲ. ದೂರದಿಂದಲೇ “ಎದ್ರಾ?” ಎಂದು ಕೇಳಿ ಮುಂದೆ ಸಾಗುತ್ತಾರೆ. ಆ ಒಂದು ಶಿಲ್ಪವನ್ನು ಮಾತ್ರ ಅವರು ಮುಟ್ಟುವ ಹಾಗಿಲ್ಲ.

ಹೋಟೆಲಿನವರೆಲ್ಲ ಇವರನ್ನು ಕರೆಯುವುದು ಬೊಂಬೆಯಕ್ಕ ಎಂದು. ಮೊದಲು ನೆಲಮಾಳಿಗೆಯ ಲಾಂಡ್ರಿಯಲ್ಲಿದ್ದರು. ಸೋಪಿನ ಪುಡಿಗೆ ಅಂಗೈ ಸೀಳಿ ರಕ್ತ ಬರುತ್ತಿತ್ತು. “ಬೆರಳು ಮಡಚೋಕೇ ಆಗ್ತಿರಲಿಲ್ಲ. ನನ್ನ ಜಡೆ ಮಗಳು ಹಾಕ್ತಿದ್ಲು, ಆಗಿನ್ನೂ ಎಂಟು ವರ್ಷದ ಕೂಸು. ಉಲ್ಟಾ ಅಲ್ವಾ ಅದು?” ಎನ್ನುವಾಗ ನಗುತ್ತಾರೆ, ಕೇಳುವವರಿಗೆ ನಗು ಬರುವುದಿಲ್ಲ. ಆಗಿನ ಸೂಪರ್‌ವೈಸರ್ ಮನಸ್ಸು ಕರಗಿ ಇವರನ್ನು ಶಿಲ್ಪಗಳ ಧೂಳು ಒರೆಸಲು ಹಾಕಿದರು.

ಎಡವಟ್ಟಾಗಿದ್ದು ಆ ಮೊದಲ ವಾರದಲ್ಲೇ. ಅತ್ತೆಮ್ಮನ ಮೈಯೆಲ್ಲ ಕಪ್ಪು, ಅಲ್ಲಲ್ಲಿ ಹಸಿರು. ಮನೆಯ ತಾಮ್ರದ ಕೊಡ ಕಿಲುಬು ಹಿಡಿದರೆ ಸುಮ್ಮನಿರದ ಕೈ ಇಲ್ಲಿ ಸುಮ್ಮನಿದ್ದೀತೇ? ಅಡುಗೆಮನೆಯಿಂದ ನಿಂಬೆಹೋಳು, ಉಪ್ಪು ತಂದು ಬಲ ಮೊಣಕಾಲನ್ನು ತಿಕ್ಕಿದ್ದೇ ತಿಕ್ಕಿದ್ದು. ಚಿನ್ನದಂತೆ ಹೊಳೆಯಿತು. “ಭೇಷ್ ಅಂತಾರೆ ಅಂದ್ಕೊಂಡಿದ್ದೆ. ಸೂಪರ್‌ವೈಸರ್ ಬಂದು ತಲೆ ಮೇಲೆ ಕೈ ಹೊತ್ತು ಕೂತ್ರು.” ಅದು ಕಿಲುಬಲ್ಲ, ಶಿಲ್ಪಿ ಬೆಂಕಿಯಲ್ಲಿ ಕಾಯಿಸಿ, ರಸಾಯನ ಹಚ್ಚಿ ಬರಿಸಿದ ಬಣ್ಣ. ಕೆಲಸ ಉಳಿಯಿತು, ಆದರೆ ಅತ್ತೆಮ್ಮನನ್ನು ಮುಟ್ಟಬಾರದೆಂಬ ಕಟ್ಟಪ್ಪಣೆಯಾಯಿತು. ಅಂದಿನಿಂದ ಬಂದ ಅತಿಥಿಗಳೆಲ್ಲ ಅದೇ ಮೊಣಕಾಲು ಸವರಿ ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಿದಾಗಲೆಲ್ಲ ಬೊಂಬೆಯಕ್ಕನ ಎದೆ ಚುರುಕ್ ಎನ್ನುತ್ತದೆ.

ಕೋಣೆಗಳ ಕಥೆಯೇ ಬೇರೆ. ಪ್ರತಿ ಕೋಣೆಯಲ್ಲೂ ಒಂದು ಮಣ್ಣಿನ ಬೊಂಬೆಯಿದೆ. ಅದರ ಹೆಗಲ ಮೇಲೆ ಅತಿಥಿಗಳ ಒದ್ದೆ ಟವೆಲ್, ತಲೆಗೆ ಟೋಪಿ, ಕೈಯಲ್ಲಿ ಹಲ್ಲುಜ್ಜುವ ಬ್ರಷ್! ದಿನಕ್ಕೆ ಇಪ್ಪತ್ತು ಕೋಣೆಗಳಲ್ಲಿ ಇದನ್ನೆಲ್ಲ ಇಳಿಸಿ, ಮೂಗು, ಬೆರಳು ನೆಟ್ಟಗಿವೆಯೇ ಎಂದು ನೋಡುವುದು ಇವರ ಪಾಡು.

ಇವರ ಬಗ್ಗೆ ಬರೆಯಲೆಂದು ನಾನು ಹೋದ ದಿನ ಇವರಿಗೆ ಒಂದೇ ಚಿಂತೆ. ಮೊಣಕಾಲಿಗೆ ಮತ್ತೆ ಬಣ್ಣ ಬರಿಸಲು ಶಿಲ್ಪಿ ಬರುತ್ತಿದ್ದಾರೆ. ಅದು ಮುಗಿದ ಮೇಲೆ ಎಲ್ಲ ಶಿಲ್ಪಗಳ ಆರೈಕೆಯನ್ನೂ ಹೊರಗಿನ ಕಂಪನಿಯೊಂದಕ್ಕೆ ಒಪ್ಪಿಸುವುದು ಮ್ಯಾನೇಜರ್ ಲೆಕ್ಕಾಚಾರ. ಹಾಗಾದರೆ ಬೊಂಬೆಯಕ್ಕ ಮತ್ತೆ ಲಾಂಡ್ರಿಗೆ. “ಈ ಕೈ ಇನ್ನೊಂದ್ಸಲ ಸೋಪು ತಡ್ಕೊಳ್ಳಲ್ಲ,” ಎನ್ನುತ್ತಾ ಅಂಗೈ ಬಿಡಿಸಿ ತೋರಿಸುತ್ತಾರೆ.

ಶಿಲ್ಪಿ ಬೆಳ್ಳಿಗೂದಲಿನ ವೃದ್ಧೆ. ಗ್ಯಾಸಿನ ಉರಿಯಿಂದ ಮೊಣಕಾಲನ್ನು ಕಾಯಿಸಿ, ಬ್ರಷ್ಷಿನಲ್ಲಿ ರಸಾಯನ ಹಚ್ಚುತ್ತಾರೆ. ಹೊಳಪು ಮೆಲ್ಲಗೆ ಕಪ್ಪಿಗೆ ತಿರುಗುತ್ತದೆ.

“ತಿಕ್ಕಿದ್ದು ಯಾರು?”

ಕಂಬದ ಹಿಂದಿದ್ದ ಬೊಂಬೆಯಕ್ಕ ತಾವೇ ಮುಂದೆ ಬರುತ್ತಾರೆ. “ನಾನೇ ಅಮ್ಮ.”

“ಇನ್ನೊಂದು ಮೊಣಕಾಲು ಯಾಕೆ ಬಿಟ್ರಿ?”

“ಅಷ್ಟೊತ್ತಿಗೆ ಬೈಗುಳ ಬಿತ್ತು.”

ಶಿಲ್ಪಿ ಗಹಗಹಿಸಿ ನಗುತ್ತಾರೆ. ಆಮೇಲೆ ಎದ್ದು ಮರದ ಮನುಷ್ಯನ ಕಂಕುಳಲ್ಲಿ, ಗಾಜಿನ ಮೀನುಗಳ ರೆಕ್ಕೆಯ ಸಂದಿಯಲ್ಲಿ ಬೆರಳಾಡಿಸಿ ನೋಡಿಕೊಂಡು ಬರುತ್ತಾರೆ. “ಕಂಪನಿಯವರಿಗೆ ಎಲ್ಲಾ ಮೊದಲಿಂದ ಹೇಳ್ಕೊಡಬೇಕು. ಇವರಿಗೆ ಏನು ಮಾಡಬಾರದು ಅಂತ ಆಗ್ಲೇ ಗೊತ್ತಲ್ಲ,” ಎಂದು ಮ್ಯಾನೇಜರಿಗೆ ಹೇಳಿ, ಬಣ್ಣ ಕಾಯುವ ಮೇಣದ ಡಬ್ಬಿಯನ್ನೂ ಮೆತ್ತನೆಯ ಬಟ್ಟೆಯನ್ನೂ ಬೊಂಬೆಯಕ್ಕನ ಕೈಗಿಡುತ್ತಾರೆ. ಮ್ಯಾನೇಜರ್, “ಒಂದು ವರ್ಷ ಇವರ ಕೈಲೇ ಇರಲಿ, ನೋಡೋಣ,” ಎನ್ನುತ್ತಾರೆ. ನನಗಂತೂ ಚಪ್ಪಾಳೆ ತಟ್ಟುವಷ್ಟು ಖುಷಿಯಾಗುತ್ತದೆ.

ಬೊಂಬೆಯಕ್ಕ ಅತ್ತೆಮ್ಮನ ಕಾಲ ಬಳಿ ಕೂತು, ಬಟ್ಟೆಗೆ ಚೂರೇ ಚೂರು ಮೇಣ ತೆಗೆದುಕೊಂಡು ಮೆಲ್ಲಗೆ ಒರೆಸುತ್ತಾರೆ. ಹೇಗನ್ನಿಸುತ್ತಿದೆ ಎಂದು ಕೇಳುತ್ತೇನೆ.

“ಸುಳ್ಳು ಯಾಕೆ ಹೇಳ್ಲಿ, ಕೈ ತುರಿಸ್ತಿದೆ. ಇನ್ನೊಂದು ಚೂರು ಒತ್ತಿದ್ರೆ ಹೆಂಗೆ ಹೊಳೀತಾರೆ ಅಂತ ನಂಗೊತ್ತು,” ಎನ್ನುತ್ತಾರೆ ತಲೆಯೆತ್ತದೆ. “ಒತ್ತಲ್ಲ.”