ರೇಡಿಯೋ ಇಲ್ಲದ ಗೋಪುರ

ಕಡೂರಿನಿಂದ ಚೌಳಹಿರಿಯೂರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ವಿಮಾನ ನಿಲ್ದಾಣವಿತ್ತು. ಗೋಪುರದಲ್ಲಿ ಕೂತು ಪೈಲಟ್‌ಗಳ ಜೊತೆ ರೇಡಿಯೋದಲ್ಲಿ ಮಾತಾಡುವುದು ನನ್ನ ಕೆಲಸ. ಪ್ರಯಾಣಿಕರು ಸಾಲದೆ ನಿಲ್ದಾಣ ಮುಚ್ಚಿದಾಗ ಎಲ್ಲರನ್ನೂ ಬೇರೆ ಊರುಗಳಿಗೆ ಹಾಕಿದರು. ಕಟ್ಟಡ ನೋಡಿಕೊಳ್ಳಲು ಉಳಿದವರು ನಾನು, ಮತ್ತೆ ಅಂತರಘಟ್ಟೆಯಿಂದ ಬೈಕಿನಲ್ಲಿ ಬರುತ್ತಿದ್ದ ಅಗ್ನಿಶಾಮಕದ ಹಿರಿಯರೊಬ್ಬರು. ರೇಡಿಯೋ ಬಿಚ್ಚಿಕೊಂಡು ಹೋದರು. ಇಳಿಯಬೇಡಿ ಎಂದು ಮೇಲೆ ಹಾರುವವರಿಗೆ ತಿಳಿಯಲು ರನ್‌ವೇ ಮೇಲೆ ಕತ್ತರಿಯಾಕಾರದ ದೊಡ್ಡ ಬಿಳಿ ಗುರುತು ಬಳಿದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆವು. ಕೆಮ್ಮಣ್ಣುಗುಂಡಿ ಕಡೆಯಿಂದ ಮೋಡ ಕವಿಯುತ್ತಿತ್ತು. ತಡೆದು ತಡೆದು ಬರುವ ಇಂಜಿನ್ ಸದ್ದು ಕೇಳಿ ಹೊರಗೆ ಓಡಿದೆವು. ತರಬೇತಿಯ ಸಣ್ಣ ವಿಮಾನವೊಂದು ತೀರ ಕೆಳಗೆ ಸುತ್ತುತ್ತಿತ್ತು.

“ಇಳ್ಯಕ್ ನೋಡ್ತಾವ್ನೆ ಕಣಮ್ಮ,” ಎಂದರು ಹಿರಿಯರು. “ರನ್‌ವೇ ತುಂಬ ಹುರುಳಿ ಹರಡವ್ರೆ.”

ಪಕ್ಕದ ಹಳ್ಳಿಯ ಹೆಂಗಸರು ಅಲ್ಲಿ ಹುರುಳಿ ಒಣಗಿಸುತ್ತಿದ್ದರು. ನಾವು ಓಡಿಬರುವುದನ್ನು ಕಂಡು, ಏನು ಎತ್ತ ಎಂದು ಕೇಳದೆ, ಹುರುಳಿ ಹರಡಿದ್ದ ಗೋಣಿತಾಟುಗಳನ್ನು ಸುತ್ತಿ ಪಕ್ಕಕ್ಕೆ ಎಳೆದರು. ಬಿಳಿ ಗುರುತನ್ನು ಏನು ಮಾಡುವುದು? ಹಿರಿಯರು ಅಂಗಿ ಕಳಚಿ ಬೀಸಿದರು. ನಾನು ದುಪ್ಪಟ್ಟಾ ಬೀಸುತ್ತಲೇ ಹಳೆಯ ಮೇಲಧಿಕಾರಿಗೆ ಫೋನ್ ಮಾಡಿದೆ.

“ಇಳೀಬೋದು ಅಂತ ಅವನಿಗೆ ಹೇಳ್ಸಿ ಸಾರ್.”

“ಯಾವ ವಿಮಾನ ಅಂತ ಗೊತ್ತಿಲ್ದೆ ಯಾರಿಗ್ ಹೇಳ್ಲಮ್ಮ? ವಿಚಾರಿಸ್ತೀನಿ ಇರು.”

ಪೈಲಟ್‌ನ ಮುಖ ಕಾಣುವಷ್ಟು ಹತ್ತಿರ ಬಂತು ವಿಮಾನ. ರನ್‌ವೇ ಖಾಲಿ ಇದೆ, ಗಾಳಿ ಪಶ್ಚಿಮದಿಂದ, ಇಳಿಯಬಹುದು. ಎಷ್ಟೋ ವರ್ಷ ಹೇಳಿದ ಆ ಮಾತನ್ನು ಕೂಗಿ ಹೇಳಿದೆ. ನನ್ನ ದನಿ ಪಕ್ಕದಲ್ಲಿದ್ದ ಹೆಂಗಸರಿಗೂ ಸರಿಯಾಗಿ ಕೇಳಿಸಿರಲಾರದು. ವಿಮಾನ ಮೇಲೆದ್ದು ಅಜ್ಜಂಪುರದ ಕಡೆ ಹೋಯಿತು.

ಸಂಜೆ ಸುದ್ದಿ ಬಂತು. ಅಜ್ಜಂಪುರದಾಚೆ ಹೊಲವೊಂದರಲ್ಲಿ ಇಳಿಯಲು ಹೋಗಿ ಬದುವಿಗೆ ಬಡಿದಿತ್ತು. ಒಬ್ಬನೇ ಇದ್ದ ಪೈಲಟ್ ಬದುಕಿದ್ದ; ಒಂದು ಕಾಲು ಉಳಿಯಲಿಲ್ಲ.

ಮನಸ್ಸು ತಡೆಯದೆ ಅವನನ್ನು ನೋಡಲು ತರೀಕೆರೆಯ ಆಸ್ಪತ್ರೆಗೆ ಹೋದೆವು. ಇನ್ನೂ ಎಳೆಯ ಮುಖ. ಅವನ ತಾಯಿ ನನಗೆ ಸ್ಟೂಲ್ ಎಳೆದು ಕೊಟ್ಟರು. ನಾವು ಯಾರೆಂದು ಹೇಳಿದಾಗ ಅವನು ಕೈ ಮುಗಿದ.

“ನಿಮ್ಮನ್ನ ನೋಡ್ದೆ ಮೇಡಂ. ಇಳೀಬೇಡ ಅಂತ ಅಷ್ಟೊಂದು ಬೀಸ್ತಿದ್ರಿ. ಅದಕ್ಕೇ ಮುಂದೆ ಹೋದೆ.”

ಹಿರಿಯರು ತಲೆ ತಗ್ಗಿಸಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

“ಕರೀತಿದ್ವಪ್ಪ,” ಎಂದೆ.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ತಾಯಿ ಹೊದಿಕೆ ಸರಿಪಡಿಸುತ್ತಾ, “ಕಾಫಿ ಕುಡ್ಕೊಂಡ್ ಹೋಗಿ,” ಎಂದರು.